ಓದಿ ಹೇಳಲಾಗಿ ಸರಿಯಿದೆ

ಐತಿಹಾಸಿಕ ಕಾದಂಬರಿ ಬರೆದವರು ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಭಾಷಣಗಳೆಲ್ಲ ಮುಗಿದು ಮೈಕು ಸಭಿಕರ ಕಡೆಗೆ ಹೋದಾಗ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಎದ್ದು ಕೇಳುತ್ತಾರೆ: ‘ಇದರಲ್ಲಿ ನಿಜ ಎಷ್ಟು, ಕಲ್ಪನೆ ಎಷ್ಟು?’ ಕಾದಂಬರಿ ಪತ್ತೇದಾರಿಯದಾಗಿದ್ದು, ಅದರ ನಾಯಕಿ ನಿಜಕ್ಕೂ ಬದುಕಿದ್ದ ಹೆಣ್ಣಾಗಿದ್ದರೆ ಈ ಪ್ರಶ್ನೆಗೆ ಇನ್ನಷ್ಟು ತೂಕ ಬರುತ್ತದೆ. ಕೇಳಿದವರು ಲೆಕ್ಕ ಕೇಳಿದಂತೆ ಕಂಡರೂ ಅವರ ಮನಸ್ಸಿನಲ್ಲಿರುವುದು ನ್ಯಾಯದ ಪ್ರಶ್ನೆ. ಸತ್ತವಳ ಬಾಯಲ್ಲಿ ಮಾತು ಇಡುವ ಹಕ್ಕು ನಿಮಗೆ ಯಾರು ಕೊಟ್ಟರು ಎಂಬುದನ್ನೇ ಅವರು ಸೌಜನ್ಯದಿಂದ ಹಾಗೆ ಕೇಳುತ್ತಿರುತ್ತಾರೆ.

ಅಮೆರಿಕದ ಏಮಿ ಸ್ಟುವರ್ಟ್ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಲೇಖಕಿ. ಗಿಡಮೂಲಿಕೆ ಮತ್ತು ಮದ್ಯಗಳ ಕುರಿತ ಪುಸ್ತಕವೊಂದಕ್ಕಾಗಿ ಹಳೆಯ ಪತ್ರಿಕೆಗಳನ್ನು ಹುಡುಕುವಾಗ ಅವರಿಗೆ ಹೆನ್ರಿ ಕಾಫ್‌ಮನ್ ಎಂಬ ರೇಷ್ಮೆ ಕಾರ್ಖಾನೆಯ ಮಾಲೀಕನ ಸುದ್ದಿ ಸಿಕ್ಕಿತು. 1914ರಲ್ಲಿ ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನಲ್ಲಿ ಅವನ ಮೋಟಾರು ಕಾನ್ಸ್ಟನ್ಸ್ ಕಾಪ್ ಮತ್ತು ಆಕೆಯ ತಂಗಿಯರ ಕುದುರೆಗಾಡಿಗೆ ಗುದ್ದಿತ್ತು. ಪರಿಹಾರ ಕೇಳಿದ್ದಕ್ಕೆ ಅವರ ಮನೆಗೆ ಬೆದರಿಕೆಗಳು ಬಂದವು, ಕಲ್ಲು ಬಿದ್ದವು. ಕಾನ್ಸ್ಟನ್ಸ್ ಹೆದರದೆ ನಿಂತದ್ದನ್ನು ನೋಡಿ ಅಲ್ಲಿನ ಶೆರಿಫ್ ರಾಬರ್ಟ್ ಹೀತ್ ಆಕೆಯನ್ನೇ ತನ್ನ ಇಲಾಖೆಗೆ ಸೇರಿಸಿಕೊಂಡ. ಈ ಹೆಣ್ಣನ್ನು ಜಗತ್ತು ಮರೆತಿತ್ತು. 2015ರಲ್ಲಿ ಬಂದ ‘ಗರ್ಲ್ ವೇಟ್ಸ್ ವಿತ್ ಗನ್’ ಕಾದಂಬರಿಯಿಂದ ಆಕೆ ಮತ್ತೆ ಓದುಗರ ಮಧ್ಯೆ ಬಂದಳು. ಪುಸ್ತಕದ ಕೊನೆಯಲ್ಲಿ ಸ್ಟುವರ್ಟ್ ಯಾವುದು ದಾಖಲೆಯಲ್ಲಿದೆ, ಯಾವುದು ತಮ್ಮ ಕಲ್ಪನೆ ಎಂದು ಟಿಪ್ಪಣಿ ಬರೆದರು. ಹಿಂದಿನ ಸಾಲಿನ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಸಿಗುವುದು ಕಷ್ಟ.

ಆದರೂ ನನಗೆ ಆ ಪ್ರಶ್ನೆಯೇ ಸಾಲದು ಅನಿಸುತ್ತದೆ. ಇಂಥ ಕಾದಂಬರಿಯೊಂದು ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ನೆಲದಲ್ಲಿ ನಡೆಯುವುದಾದರೆ ಏನಾದೀತು ಎಂದು ಯೋಚಿಸತೊಡಗಿದಾಗ ಅದು ಇನ್ನೂ ಸ್ಪಷ್ಟವಾಗುತ್ತದೆ.

ಪತ್ತೇದಾರಿ ಬರೆಯುವವರಿಗೆ ಇದು ಹೇಳಿ ಮಾಡಿಸಿದ ಜಾಗ. ಮುಂಬೈ ಕಡೆಯಿಂದ ರಾಯಚೂರಿಗೆ ಹೋಗುವ ರೈಲು ಮಾರ್ಗಕ್ಕೆ 1874ರಲ್ಲಿ ನಿಜಾಮರ ರೈಲು ಬಂದು ಕೂಡಿದ್ದು ವಾಡಿಯಲ್ಲಿ. ಶಹಾಬಾದ್ ಒಂದು ಹಳಿಯ ಮೇಲಿದೆ, ಚಿತ್ತಾಪುರ ಮತ್ತು ಸೇಡಂ ಇನ್ನೊಂದರ ಮೇಲಿವೆ, ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ. ನಡುರಾತ್ರಿ ಗಾಡಿ ಬದಲಿಸುವ ಅಪರಿಚಿತರು, ವಾರಸುದಾರರಿಲ್ಲದ ಒಂದು ಟ್ರಂಕು, ನೀರು ನಿಂತ ಪರ್ಸಿ ಕಲ್ಲಿನ ಗಣಿ, ಕಾಗಿಣಾ ದಂಡೆಯ ಮಳಖೇಡದ ಕೋಟೆ, ಚಿಂಚೋಳಿಯ ಕಾಡು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಹಿರಿಯರಿಗೂ, ಹರಿಣಿ ನಾಗೇಂದ್ರ ಅವರ ‘ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ನಲ್ಲಿ 1921ರ ಬೆಂಗಳೂರನ್ನು ಕಂಡ ಇಂದಿನ ಓದುಗರಿಗೂ ಇದು ರುಚಿಸೀತು. ನಾಯಕಿಯಾಗಿ ಒಬ್ಬ ಮೊದಲ ತಲೆಮಾರಿನ ಮಹಿಳಾ ಪೊಲೀಸನ್ನು ಇಟ್ಟರೆ ಕತೆ ಅರ್ಧ ಬರೆದಂತೆಯೇ.

ಆದರೆ ನಿಜಾಮರ ಕಾಲದ ನಮ್ಮೂರಿನ ಕತೆಯೊಳಗೆ ಅವಳನ್ನು ಎಲ್ಲಿಂದ ತರುವುದು? ಆಗ ನಮ್ಮ ಕಡೆ ಪೊಲೀಸ್ ಅಂದರೆ ಅಮೀನ್ ಸಾಹೇಬ. ಹಳ್ಳಿಯಲ್ಲಾದರೆ ಪೊಲೀಸ್ ಪಾಟೀಲ. ಕಂದಾಯ ನೋಡುವವ ಮಾಲಿಪಾಟೀಲ, ಕಾವಲು ನೋಡುವವ ಪೊಲೀಸ್ ಪಾಟೀಲ. ಇವೆರಡೂ ಇವತ್ತು ನಮ್ಮ ಜಿಲ್ಲೆಯಲ್ಲಿ ಮನೆತನದ ಅಡ್ಡಹೆಸರುಗಳಾಗಿ ಉಳಿದಿವೆ. ಅಧಿಕಾರ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು. ಆಡಳಿತದ ಭಾಷೆ ಉರ್ದು. ಚಿಂಚೋಳಿಯ ತಾಂಡಾದ ಲಂಬಾಣಿ ಹೆಣ್ಣುಮಗಳೊಬ್ಬಳು ತನಗಾದದ್ದನ್ನು ಹೇಳಿಕೊಳ್ಳಬೇಕಾದರೆ ತನ್ನ ಮಾತನ್ನು ಕನ್ನಡಕ್ಕೋ ದಖನಿಗೋ ತಿರುಗಿಸಿ ಒಬ್ಬ ಗಂಡಸಿನ ಮುಂದೆ ಹೇಳಬೇಕಿತ್ತು. ಅವನು ಅದನ್ನು ಕಚೇರಿಯ ಉರ್ದುವಿನಲ್ಲಿ ಬರೆದುಕೊಳ್ಳಬೇಕಿತ್ತು. ಅಷ್ಟು ಕೈ ದಾಟಿ ಬಂದ ಮಾತಿನಲ್ಲಿ ಅವಳದು ಎಂದು ಎಷ್ಟು ಉಳಿದೀತು?

ಇಲ್ಲಿ ಠಾಣೆಯ ಕಾಗದಪತ್ರಗಳ ಒಂದು ರೀತಿಯನ್ನು ನೆನೆಯಬೇಕು. ಪೊಲೀಸ್ ಹೇಳಿಕೆ ಯಾವಾಗಲೂ ‘ನಾನು’ ಎಂದು ಶುರುವಾಗುತ್ತದೆ. ‘ನಾನು ಮೇಲ್ಕಂಡ ವಿಳಾಸದಲ್ಲಿ ಗಂಡ ಮಕ್ಕಳೊಂದಿಗೆ ವಾಸವಾಗಿದ್ದು, ಕೂಲಿ ಕೆಲಸ ಮಾಡಿಕೊಂಡಿರುತ್ತೇನೆ’ ಎಂಬ ಧಾಟಿ. ಸೇಡಂ ಕಡೆಯ ಯಾವ ಕೂಲಿ ಹೆಂಗಸೂ ತನ್ನ ಜನ್ಮದಲ್ಲಿ ಹೀಗೆ ಮಾತಾಡಿರಲಾರಳು. ‘ನಾ ತೊಗರಿ ಕೊಯ್ಲಿಕ್ಕ ಹೋಗಿದ್ದೆ ನೋಡ್ರಿ’ ಎಂದು ಆಕೆ ಹೇಳಿರುತ್ತಾಳೆ. ಅದನ್ನು ಠಾಣೆಯ ಕನ್ನಡಕ್ಕೆ ತಿರುಗಿಸಿ, ಅವಳ ‘ನಾ’ವನ್ನು ತನ್ನ ‘ನಾನು’ ಮಾಡಿ ಬರೆಯುವವನು ಒಬ್ಬ ಪೇದೆ. ಅವನಿಗೆ ನಮ್ಮ ಠಾಣೆಗಳಲ್ಲಿ ‘ರೈಟರ್’ ಎಂದೇ ಹೆಸರು. ಕಾದಂಬರಿಕಾರರಿಗೂ ಅದೇ ಹೆಸರು, ಇಬ್ಬರ ಕೆಲಸವೂ ಬೇರೆಯವರ ‘ನಾನು’ವನ್ನು ಬರೆಯುವುದು.

ಆದರೆ ಠಾಣೆಯ ರೈಟರಿಗೆ ಕಾನೂನಿನದೊಂದು ಕಟ್ಟಳೆ ಇದೆ. ದೂರು ಕೊಟ್ಟವರಿಗೆ ತಾನು ಬರೆದದ್ದನ್ನು ಅವನು ಓದಿ ಹೇಳಬೇಕು, ಆಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳಬೇಕು. ಅದಕ್ಕೇ ಕೊನೆಯ ಸಾಲು: ‘ಓದಿ ಹೇಳಲಾಗಿ ಸರಿಯಿದೆ.’ ಎಷ್ಟೋ ಸಲ ಓದದೆಯೇ ಆ ಸಾಲು ಬರೆದುಕೊಳ್ಳುತ್ತಾರೆ ಎಂಬುದು ಬೇರೆ ಮಾತು. ಕಟ್ಟಳೆಯ ಹಿಂದಿನ ತಿಳಿವಳಿಕೆ ದೊಡ್ಡದು: ಇನ್ನೊಬ್ಬರ ‘ನಾನು’ ಬರೆದವನು ಅದನ್ನು ಅವರ ಮುಂದೆ ಒಪ್ಪಿಸಬೇಕು, ತಪ್ಪಿದೆ ಎನ್ನುವ ಅವಕಾಶ ಅವರಿಗಿರಬೇಕು. ಸತ್ತವರ ಬಗ್ಗೆ ಬರೆಯುವ ಕಾದಂಬರಿಕಾರರಿಗೆ ಈ ಕೊನೆಯ ಸಾಲು ಎಂದೂ ಸಿಗುವುದಿಲ್ಲ. ‘ನಿಜ ಎಷ್ಟು’ ಎನ್ನುವುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇದು. ಯಾರ ಒಪ್ಪಿಗೆಯೂ ಸಿಗದ ಹೇಳಿಕೆಯನ್ನು ಹೇಗೆ ಬರೆಯಬೇಕು?

ಮೊದಲ ಮಹಿಳಾ ಪೊಲೀಸರ ಚರಿತ್ರೆಯೂ ಇದೇ ಪ್ರಶ್ನೆಯ ಹತ್ತಿರಕ್ಕೆ ನಮ್ಮನ್ನು ತರುತ್ತದೆ. 1910ರಲ್ಲಿ ಲಾಸ್ ಏಂಜಲೀಸ್ ಪೊಲೀಸಿಗೆ ಸೇರಿದ ಆಲಿಸ್ ಸ್ಟೆಬಿನ್ಸ್ ವೆಲ್ಸ್ ತಮ್ಮ ಸಮವಸ್ತ್ರವನ್ನು ತಾವೇ ಹೊಲಿದುಕೊಂಡರು. ಬಿಲ್ಲೆ ತೋರಿಸಿದರೆ ಗಂಡನ ಬಿಲ್ಲೆ ತಂದಿದ್ದಾಳೆ ಎಂದು ಜನ ಅನುಮಾನಿಸಿದರಂತೆ. 1915ರಲ್ಲಿ ಇಂಗ್ಲೆಂಡಿನ ಗ್ರಾಂಥಮ್ ಊರಿನಲ್ಲಿ ಎಡಿತ್ ಸ್ಮಿತ್ ಅವರಿಗೆ ಬಂಧಿಸುವ ಪೂರ್ಣ ಅಧಿಕಾರ ಸಿಕ್ಕಿತು. ನಮ್ಮ ದೇಶದಲ್ಲಿ 1930ರ ದಶಕದಲ್ಲೇ ತಿರುವಾಂಕೂರು ಸಂಸ್ಥಾನ ಮಹಿಳೆಯರನ್ನು ಪೊಲೀಸಿಗೆ ತೆಗೆದುಕೊಂಡಿತ್ತು. ಕಿರಣ್ ಬೇಡಿ ಐಪಿಎಸ್ ಸೇರಿದ್ದು 1972ರಲ್ಲಿ. ಮರುವರ್ಷ ಕೋಳಿಕ್ಕೋಡಿನಲ್ಲಿ ದೇಶದ ಮೊದಲ ಮಹಿಳಾ ಠಾಣೆ ಶುರುವಾಯಿತು. ಕರ್ನಾಟಕದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ ಜೀಜಾ ಹರಿಸಿಂಗ್, ಇಲಾಖೆಯ ತುದಿಗೇರಿದ ಮೊದಲ ಮಹಿಳೆ 2017ರಲ್ಲಿ ನೀಲಮಣಿ ರಾಜು.

ಸಾಧನೆಯ ಪಟ್ಟಿಯಾಗಿ ಓದಿದರೆ ಇದು ಸುಲಭ. ಎಡಿತ್ ಸ್ಮಿತ್ ದಿನವಿಡೀ ಮಾಡುತ್ತಿದ್ದ ಕೆಲಸವೇನು ಎಂದು ನೋಡಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಗ್ರಾಂಥಮ್ ಪಕ್ಕದಲ್ಲಿ ದೊಡ್ಡ ಸೈನಿಕ ಶಿಬಿರವಿತ್ತು. ಸೈನಿಕರ ಜೊತೆ ಓಡಾಡುವ ಹುಡುಗಿಯರ ಮೇಲೆ ಕಣ್ಣಿಡುವುದು, ಎಚ್ಚರಿಸುವುದು, ವೇಶ್ಯಾವಾಟಿಕೆ ತಡೆಯುವುದು ಆಕೆಯ ಮುಖ್ಯ ಹೊಣೆ. ಆಲಿಸ್ ವೆಲ್ಸ್ ಕೂಡ ನೃತ್ಯಶಾಲೆಗಳಲ್ಲಿ ಹುಡುಗಿಯರ ನಡತೆ ಕಾಯುತ್ತಿದ್ದರು. ಹೆಣ್ಣುಗಳ ಮಾತನ್ನು ಕೇಳಿಸಿಕೊಳ್ಳಲು ಎಷ್ಟೋ ಅಷ್ಟೇ, ಹೆಣ್ಣುಗಳನ್ನು ಹದ್ದುಬಸ್ತಿನಲ್ಲಿಡಲೂ ಸರ್ಕಾರಗಳಿಗೆ ಹೆಣ್ಣು ಪೊಲೀಸ್ ಬೇಕಾಗಿದ್ದಳು. ಖಾಕಿ ಉಟ್ಟವಳು ಹೆಣ್ಣು ಎಂದ ಮಾತ್ರಕ್ಕೆ ಎದುರಿಗೆ ಕೂತವಳ ಕಡೆಯವಳಾಗುವುದಿಲ್ಲ. ಪತ್ತೇದಾರಿ ಕಾದಂಬರಿ ಈ ಕಸಿವಿಸಿಯನ್ನು ಒರೆಸಿ, ಇಂದಿನ ಓದುಗರು ಮೆಚ್ಚುವ ಮನಸ್ಸನ್ನು ಅಂದಿನ ಸಮವಸ್ತ್ರದೊಳಗೆ ಕೂರಿಸಿದರೆ ಆಕೆಗೆ ಉಪಕಾರವಾಗುವುದಿಲ್ಲ. ಆಕೆ ಯಾವ ಬಿಕ್ಕಟ್ಟಿನಲ್ಲಿ ಬದುಕಿದಳೋ ಅದನ್ನೇ ಅಳಿಸಿದಂತಾಗುತ್ತದೆ.

ಈಗ ವಾಡಿಯ ನಮ್ಮ ಕಲ್ಪನೆಯ ನಾಯಕಿಗೆ ಬರೋಣ. ಅವಳು ಇರಲಿಲ್ಲ. ಆದರೂ ಅವಳನ್ನು ಕಲ್ಪಿಸಬಹುದು ಎಂದೇ ನನ್ನ ಅಭಿಪ್ರಾಯ. ಇರದಿದ್ದವಳನ್ನು ಒಂದು ಠಾಣೆಯಲ್ಲಿ ಕೂರಿಸಿದಾಗ ಅವಳ ಕುರ್ಚಿ ಅಷ್ಟು ದಿನ ಖಾಲಿಯಿತ್ತೆಂಬುದು ಓದುಗರಿಗೆ ಕಾಣುತ್ತದೆ. ಅವಳು ಕೇಳುವ ಒಂದೊಂದು ಪ್ರಶ್ನೆಯೂ ಆಗ ಯಾರೂ ಕೇಳದೇ ಹೋದ ಪ್ರಶ್ನೆ. ಕಲ್ಪನೆ ಇಲ್ಲಿ ಸತ್ಯಕ್ಕೆ ನೆರವಾಗುತ್ತದೆ. ತೊಡಕು ಶುರುವಾಗುವುದು ಅವಳು ಉತ್ತರ ಕಂಡುಹಿಡಿದಾಗ.

ಕಾದಂಬರಿಯ ಕಾಲ 1948 ಎಂದಿಟ್ಟುಕೊಳ್ಳಿ. ನಮ್ಮ ಕಡೆಯ ಯಾರೇ ಚರಿತ್ರೆ ಬರೆದರೂ ಆ ವರ್ಷಕ್ಕೆ ಬಂದು ನಿಲ್ಲಲೇಬೇಕು. ಆ ವರ್ಷದ ಮೊದಲ ತಿಂಗಳುಗಳು ರಜಾಕಾರರ ಹಾವಳಿಯವು. ಬೀದರ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡ ನಡೆದದ್ದು ಆಗಲೇ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಬಂತು, 17ಕ್ಕೆ ನಿಜಾಮರು ಶರಣಾದರು. ಆಮೇಲಿನ ವಾರಗಳಲ್ಲಿ ಹಿಂಸೆಯ ದಿಕ್ಕು ತಿರುಗಿ ಮುಸ್ಲಿಮರ ಮೇಲೆ ಬಿತ್ತು. ನೆಹರೂ ಅವರ ಆಸಕ್ತಿಯಿಂದ ಬಂದ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ ಆ ವರ್ಷದ ಕೊನೆಯಲ್ಲಿ ಜಿಲ್ಲೆಗಳನ್ನು ಸುತ್ತಿ, ಸಂಸ್ಥಾನದಲ್ಲಿ ಒಟ್ಟು ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವೂ ಒಂದು. ಹೆಣ್ಣುಗಳ ಅಪಹರಣ, ಅತ್ಯಾಚಾರಗಳ ಮಾತೂ ಆ ವರದಿಯಲ್ಲಿದೆ. ವರದಿ ದಶಕಗಟ್ಟಲೆ ಪ್ರಕಟವಾಗಲಿಲ್ಲ.

27 ಸಾವಿರಕ್ಕೂ 40 ಸಾವಿರಕ್ಕೂ ನಡುವೆ 13 ಸಾವಿರದ ಅಂತರ. ಅಂದಾಜಿನ ಭಾಷೆಯಲ್ಲಿ ಅದೊಂದು ಸಡಿಲ ಜಾಗ, ಅಷ್ಟೇ. ಆದರೆ ಸತ್ತರೋ ಬದುಕಿದರೋ ಎಂದು ಯಾರಿಗೂ ಹೇಳಲಾಗದ ಮನುಷ್ಯರು ಇರುವುದು ಆ ಜಾಗದಲ್ಲೇ. ಯಾವ ಅಮೀನನೂ, ಯಾವ ಪೊಲೀಸ್ ಪಾಟೀಲನೂ ಬರೆದುಕೊಳ್ಳದ ಹೆಣ್ಣುಗಳೂ ಅಲ್ಲಿರಬೇಕು.

ಇಂಥ ಕಾಲಕ್ಕೆ ಒಂದು ಪತ್ತೇದಾರಿ ಕತೆಯನ್ನು ಇಳಿಸಿದರೆ ಏನಾಗುತ್ತದೆ? ಪತ್ತೇದಾರಿಗೆ ಅದರದೇ ಗಣಿತವಿದೆ. ಕೋಣೆಯಲ್ಲಿ ಹತ್ತು ಜನ ಸಂಶಯಿತರು. ಕೊನೆಯ ಅಧ್ಯಾಯದಲ್ಲಿ ಒಬ್ಬ ಸಿಕ್ಕಿಬೀಳುತ್ತಾನೆ, ಉಳಿದ ಒಂಬತ್ತು ಮಂದಿ ಅದೇ ಗಳಿಗೆಯಲ್ಲಿ ನಿರ್ದೋಷಿಗಳಾಗುತ್ತಾರೆ. ಈ ಪ್ರಕಾರ ಕೊಡುವ ಸುಖದ ಗುಟ್ಟೇ ಇದು: ಪಾಪ ಒಂದು ಕಡೆ ಶೇಖರವಾಗುತ್ತದೆ, ಉಳಿದ ಲೋಕ ತೊಳೆದಂತಾಗುತ್ತದೆ. ಆದರೆ 1948ರ ಪಾಪ ಒಬ್ಬನ ಮೈಮೇಲೆ ಕೂರುವಂಥದ್ದಲ್ಲ. ಕೊಂದವರಿದ್ದರು, ಮನೆ ತೋರಿಸಿದವರಿದ್ದರು, ಬಾಗಿಲು ತೆರೆಯದವರಿದ್ದರು, ಬೆಳಗಾದ ಮೇಲೆ ದನ ಹೊಡೆದುಕೊಂಡು ಹೋದವರಿದ್ದರು. ಅಡಗಿಸಿಟ್ಟು ಕಾಪಾಡಿದವರೂ ಇದ್ದರು. ಮತ್ತೆ ನಮ್ಮ ಮನೆಗಳಲ್ಲಿ ನೆನಪು ಅರ್ಧರ್ಧ ಹಂಚಿಹೋಗಿದೆ. ಒಂದು ಓಣಿಯಲ್ಲಿ ಸೆಪ್ಟೆಂಬರಿಗೆ ಮೊದಲಿನ ಕತೆ ಹೇಳುತ್ತಾರೆ, ಪಕ್ಕದ ಓಣಿಯಲ್ಲಿ ನಂತರದ್ದು. ನಮ್ಮ ನಾಯಕಿ ಒಬ್ಬ ರಜಾಕಾರನನ್ನು ಹಿಡಿದರೆ ಒಂದು ಓಣಿ ಪುಸ್ತಕ ಮುಚ್ಚಿಟ್ಟು ನಿರಾಳವಾಗುತ್ತದೆ. ಒಬ್ಬ ಗೌಡನನ್ನು ಹಿಡಿದರೆ ಇನ್ನೊಂದು ಓಣಿ. ಎರಡರಲ್ಲೂ ಒಂಬತ್ತು ಮಂದಿ ಸುಮ್ಮನೆ ಎದ್ದು ಮನೆಗೆ ಹೋಗುತ್ತಾರೆ.

ಇನ್ನೊಂದು ತೊಡಕು ಮೌನದ್ದು. ನನ್ನ ಸಂಶೋಧನೆಯ ಭಾಗವಾಗಿ ಹಿರಿಯ ಹೆಣ್ಣುಮಕ್ಕಳ ಜೊತೆ ಮಾತಾಡುವಾಗ ಆ ವರ್ಷದ ವಿಷಯ ಬಂದರೆ ಕೆಲವರು ಗಳಗಳನೆ ಹೇಳುತ್ತಾರೆ. ಬರಿಗಾಲಲ್ಲಿ ಓಡಿದ್ದು, ಜೋಳದ ಹೊಲದಲ್ಲಿ ರಾತ್ರಿ ಕಳೆದದ್ದು, ಕೂಸು ಅತ್ತೀತೆಂದು ಬಾಯಿ ಮುಚ್ಚಿ ಹಿಡಿದದ್ದು. ‘ಇದನ್ನ ಯಾರೂ ಕೇಳಿದ್ದಿಲ್ಲ ನೋಡವ್ವಾ’ ಎನ್ನುತ್ತಾರೆ. ಆದರೆ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, ‘ಆ ಮಾತ್ ಯಾಕ್ ಬೇಕ್ ಯವ್ವಾ ಈಗ, ಚಾ ಕುಡಿ’ ಅಂದರು. ಆಮೇಲೆ ಸೊಸೆಯ ಹೆರಿಗೆಯ ಬಗ್ಗೆ, ಮಳೆಯ ಬಗ್ಗೆ ಮಾತಾಡಿದರು. ಇವೆರಡೂ ಮೌನಗಳೇ. ಮೊದಲನೆಯದು ಯಾರೂ ಕೇಳದ್ದರಿಂದ ಆದದ್ದು, ಎರಡನೆಯದು ಕೇಳಿದರೂ ಹೇಳದೇ ಇರುವ ತೀರ್ಮಾನ. ದೇಶವಿಭಜನೆಯನ್ನು ಬದುಕಿ ಬಂದ ಹೆಣ್ಣುಗಳ ಮಾತನ್ನು ಸಂಗ್ರಹಿಸಿದ ಊರ್ವಶಿ ಬುಟಾಲಿಯಾ ಅವರ ಪುಸ್ತಕ, ರಿತು ಮೆನನ್ ಮತ್ತು ಕಮಲಾ ಭಾಸಿನ್ ಅವರ ಪುಸ್ತಕ, ಎರಡೂ 1998ರಲ್ಲಿ ಬಂದವು. ಎರಡಕ್ಕೂ ಈ ಮೌನವನ್ನು ಎದುರಿಸಬೇಕಾಗಿ ಬಂದಿತ್ತು. ಅಜ್ಜಿ ಮೊರ ಕೆಳಗಿಟ್ಟದ್ದೂ ಒಂದು ಹೇಳಿಕೆ. ಅದಕ್ಕೆ ಇನ್ನೊಬ್ಬರು ಮಾತು ತುಂಬಿದರೆ ಅವರು ಕಾಪಾಡಿಕೊಂಡು ಬಂದದ್ದನ್ನು ಕಸಿದುಕೊಂಡಂತೆ.

ಇದಕ್ಕೆ ನನ್ನ ಗೆಳತಿಯೊಬ್ಬಳ ತಕರಾರಿದೆ. ಅವಳೂ ಸಂಶೋಧನಾ ವಿದ್ಯಾರ್ಥಿನಿ, ಪತ್ತೇದಾರಿಯ ಹುಚ್ಚಿರುವವಳು. ‘ಕೋರ್ಟು ಏನೂ ಕೊಡಲಿಲ್ಲ, ಸರ್ಕಾರ ವರದಿಯನ್ನೇ ಮುಚ್ಚಿಟ್ಟಿತು. ಕಾದಂಬರಿಯಾದರೂ ಆ ಹೆಣ್ಣಿಗೆ ನ್ಯಾಯ ಕೊಡಲಿ ಬಿಡು. ನಿನ್ನ ಹಾಗೆ ಎಲ್ಲರೂ ಮಡಿ ಮಾಡಿಕೊಂಡು ಕೂತರೆ ಆ ಕತೆ ಯಾರಿಗೂ ಗೊತ್ತಾಗಲ್ಲ’ ಎನ್ನುತ್ತಾಳೆ. ಅವಳ ಮಾತಿನ ಎರಡನೆಯ ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಂಶೋಧಕರ ಪ್ರಬಂಧ ಹತ್ತು ಜನ ಓದಿದರೆ ಹೆಚ್ಚು, ಒಳ್ಳೆಯ ಪತ್ತೇದಾರಿ ಕಾದಂಬರಿ ಬಸ್ಸಿನಲ್ಲೂ ಓದಿಸಿಕೊಳ್ಳುತ್ತದೆ. ಕಲಬುರಗಿಯ ಹೆಣ್ಣುಗಳು ತಮ್ಮ ಮಾತಿನಲ್ಲೇ ಮಾತಾಡಬಲ್ಲರು ಎಂಬುದನ್ನು ನಾಡಿಗೆ ತಿಳಿಸಿದ್ದೂ ಗೀತಾ ನಾಗಭೂಷಣ ಅವರ ‘ಬದುಕು’ವಿನಂಥ ಕಾದಂಬರಿಗಳೇ.

ಮೊದಲ ಭಾಗವನ್ನು ಮಾತ್ರ ಒಪ್ಪಲಾರೆ. ಕಾದಂಬರಿ ಕೊಡುವ ನ್ಯಾಯ ಯಾರಿಗೆ ತಲುಪುತ್ತದೆ? ಸತ್ತವಳಿಗೆ ತಲುಪುವುದಿಲ್ಲ. ತಲುಪುವುದು ಓದುವ ನನಗೆ. ಅಪರಾಧಿ ಸಿಕ್ಕಾಗ ಆಗುವ ಹಗುರವೂ ನನ್ನದೇ. ನಿಜವಾಗಿ ನಡೆದ, ನಿಜವಾಗಿ ತೀರ್ಮಾನವಾಗದ ಅನ್ಯಾಯವೊಂದು ಓದುಗಳಾದ ನನ್ನ ಮೇಲೆ ಹೊರಿಸಬೇಕಾದ ಭಾರವನ್ನು ಕಲ್ಪನೆಯ ತೀರ್ಪು ಇಳಿಸಿಬಿಡುತ್ತದೆ. ಸಾಲ ತೀರದೆಯೇ ತೀರಿತೆಂದು ಚೀಟಿ ಬರೆದುಕೊಟ್ಟ ಹಾಗೆ. ಕಾಲ್ಪನಿಕ ಕೊಲೆಗೆ ಕಾಲ್ಪನಿಕ ಉತ್ತರ ಕೊಡುವುದರಲ್ಲಿ ಯಾವ ದೋಷವೂ ಇಲ್ಲ. ವಾಡಿ ಜಂಕ್ಷನ್ನಿನ ಟ್ರಂಕಿನ ಗುಟ್ಟನ್ನು ನಮ್ಮ ನಾಯಕಿ ಖಂಡಿತ ಬಿಡಿಸಲಿ, ನಾನೂ ರಾತ್ರಿಯೆಲ್ಲ ಕೂತು ಓದುತ್ತೇನೆ. ಊರ ಜನಕ್ಕೆ ಇವತ್ತಿಗೂ ಉತ್ತರ ಸಿಗದ ಸಾವುಗಳನ್ನು ಅದೇ ಕೊನೆಯ ಅಧ್ಯಾಯಕ್ಕೆ ಸೇರಿಸಿ ಮುಗಿಸದಿರಲಿ ಎಂಬುದಷ್ಟೇ ನನ್ನ ಕೋರಿಕೆ.

ಹಾಗಾಗಿ ನಾನು ಒಪ್ಪುವ ನೀತಿ ಸರಳವಾದದ್ದು: ಕೇಳುವವಳನ್ನು ಕಲ್ಪಿಸಿ, ಹೇಳದೇ ಹೋದವಳ ಉತ್ತರವನ್ನು ಕಲ್ಪಿಸಬೇಡಿ. ಇದು ಕತೆಯ ಕೈ ಕಟ್ಟುತ್ತದೆ ಅನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಟ್ರಂಕಿನ ಪ್ರಕರಣ ಮುಗಿದ ಮೇಲೂ ಆ ಪೊಲೀಸಮ್ಮನ ಕೈಯಲ್ಲಿ ಒಂದು ಹಾಳೆ ಉಳಿಯಲಿ. ಎದುರಿಗೆ ಕೂತ ಹೆಣ್ಣು ಹೆಸರು ಹೇಳಿದ್ದಾಳೆ, ಊರು ಹೇಳಿದ್ದಾಳೆ, ಆಮೇಲೆ ಕಿಟಕಿಯ ಕಡೆ ನೋಡುತ್ತಾ ಸುಮ್ಮನಾಗಿದ್ದಾಳೆ. ಮೇಲಿನವರು ವರದಿ ಕೇಳುತ್ತಿದ್ದಾರೆ. ಈಕೆಗೆ ಉರ್ದು ಬರುತ್ತದೆ, ಠಾಣೆಯ ಧಾಟಿ ಬರುತ್ತದೆ, ಏನು ನಡೆದಿರಬಹುದೆಂಬ ಅಂದಾಜೂ ಇದೆ. ನಾಲ್ಕು ಸಾಲು ತಾನೇ ಬರೆದು ಕೆಳಗೆ ‘ಓದಿ ಹೇಳಲಾಗಿ ಸರಿಯಿದೆ’ ಎಂದು ಸೇರಿಸಿದರೆ ಕಡತ ಮುಗಿಯುತ್ತದೆ. ಬರೆಯುತ್ತಾಳೋ ಇಲ್ಲವೋ ಎಂಬ ಕುತೂಹಲಕ್ಕಿಂತ ದೊಡ್ಡ ಕುತೂಹಲ ಯಾವ ಪತ್ತೇದಾರಿಯಲ್ಲಿದೆ?

ಇದು ಬರೀ ಕಾದಂಬರಿಯ ಮಾತಾಗಿ ಉಳಿಯುವಂಥದ್ದೂ ಅಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದು ಕಾನೂನು ಹೇಳಿದ್ದು 2013ರಲ್ಲಿ. 2022ರ ಆರಂಭದಲ್ಲಿ ದೇಶದ ಪೊಲೀಸ್ ಬಲದಲ್ಲಿ ಮಹಿಳೆಯರ ಪಾಲು ಶೇಕಡಾ 12ನ್ನು ಮುಟ್ಟಿರಲಿಲ್ಲ. ಹಾಗಾಗಿ ನಮ್ಮ ತಾಲ್ಲೂಕಿನ ಯಾವುದಾದರೂ ಠಾಣೆಯಲ್ಲಿ ಇವತ್ತು ಹಾಳೆ ಹಿಡಿದು ಕೂತಿರುವ ಹೆಣ್ಣುಮಗಳೂ ಒಂದರ್ಥದಲ್ಲಿ ಮೊದಲ ತಲೆಮಾರಿನವಳೇ. ಎದುರಿನವಳ ‘ನಾ’ವನ್ನು ‘ನಾನು’ ಮಾಡುವಾಗ ಅವಳು ಏನನ್ನು ಉಳಿಸಿಕೊಳ್ಳುತ್ತಾಳೆ, ಬರೆದದ್ದನ್ನು ನಿಜಕ್ಕೂ ಓದಿ ಹೇಳುತ್ತಾಳೆಯೇ, ‘ಹಂಗಲ್ರಿ ಮೇಡಂ, ನಾ ಹಂಗ ಅಂದಿಲ್ಲ’ ಎಂದರೆ ಹಾಳೆ ಹರಿದು ಮತ್ತೆ ಬರೆಯುವಷ್ಟು ಸಮಯ ಅವಳಿಗಿದೆಯೇ ಎಂಬುದರ ಮೇಲೆ ಬದುಕಿರುವ ಎಷ್ಟೋ ಜನರ ನ್ಯಾಯ ನಿಂತಿದೆ.